ಬಟ್ಟೆ ಸೈಕಲ್ಲಿನ ಕುಂಬಳಕಾಯಿ

“ಕುಂಬಳಕಾಯಿ!”

ಅಂಟಣ್ಣ ಕೂಗಿದ್ದೇ ತಡ, ಕಾರ್ಖಾನೆಯಲ್ಲಿ ನಗು ನಿಂತುಹೋಯಿತು. ಬಾಯಿಯ ಹತ್ತಿರ ಹೋಗಿದ್ದ ಚಕ್ರಿಯ ಚಹಾ ಲೋಟ ಅಲ್ಲೇ ಉಳಿಯಿತು.

ಮೂರು ದಿನ ಕಾಣೆಯಾಗಿದ್ದ ಸೈಕಲ್ ಫ್ರೇಮು, ಹೋದ ಹಾಗೆಯೇ ಸದ್ದಿಲ್ಲದೆ ಮರಳಿ ಬಂದು, ಆ ಬೆಳಿಗ್ಗೆ ತನ್ನ ಕೊಕ್ಕೆಯಲ್ಲಿ ತೂಗಾಡುತ್ತಿತ್ತು. ಬಾಗಿಲು ತೆಗೆದ ಚಕ್ರಿ ಅದನ್ನು ಕಂಡು ಹಾಕಿದ ಕೇಕೆಗೆ ಬೀದಿಯ ಪಾರಿವಾಳಗಳೆಲ್ಲ ಎದ್ದಿದ್ದವು. ಫೋನು ಮಾಡಿ ಕರೆಸಿಕೊಂಡ ಅತ್ತೆಯನ್ನು ಅಪ್ಪಿ ಹಿಡಿದು ಒಂದು ಸುತ್ತು ತಿರುಗಿಸಿಯೂ ಬಿಟ್ಟಿದ್ದಳು. ಅತ್ತೆಯ ತೂಕಕ್ಕೆ ಅದು ಸಣ್ಣ ಸಾಹಸವಲ್ಲ.

ಅತ್ತೆ ಎಂದರೆ ನಮ್ಮ ಪತ್ತೆಯಕ್ಕ. ಬಸ್ ನಿಲ್ದಾಣದ ಕಳೆದ ಸಾಮಾನಿನ ಕಚೇರಿಯಲ್ಲಿ ಕೂದಲು ಹಣ್ಣಾಗುವ ತನಕ ದುಡಿದು, ಈಗ ಊರವರು ಕಳೆದುಕೊಂಡದ್ದನ್ನೆಲ್ಲ ಹುಡುಕಿ ಕೊಡುವ ಹೆಂಗಸು. ಅವಳದ್ದೊಂದು ನಿಯಮವಿತ್ತು: ಮಾಲು ಸಿಗುವ ತನಕ ಬಾಯಿ ಬಿಡಬಾರದು. ತಮ್ಮನ ಮಗಳು ಚಕ್ರಿಯ ಫ್ರೇಮು ಕಳುವಾದ ಸುದ್ದಿ ಹೊಸ್ತಿಲು ದಾಟಕೂಡದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಳು. ಕೈಹಿಡಿದ ಗಂಡನಿಗೂ “ಹುಡುಗಿಗೆ ಸ್ವಲ್ಪ ನೆರವಾಗಿ ಬರ್ತೀನಿ” ಎಂದಷ್ಟೇ ಹೇಳಿ ಮನೆ ಬಿಡುತ್ತಿದ್ದಳು. ಈ ಗುಟ್ಟುಗಾರಿಕೆಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ. ಇವತ್ತಂತೂ ಸೊಳ್ಳೆ ಕಚ್ಚಿತೆಂದು ಗೋಳಾಡುತ್ತಿದ್ದ ಗಂಡನಿಗೆ ಮುಲಾಮು ಹಚ್ಚುತ್ತಿರುವಾಗಲೇ ಚಕ್ರಿಯ ಫೋನು ಬಂದು, ಅರ್ಧ ಹಚ್ಚಿ ಓಡಿಬಂದಿದ್ದಳು.

“ಇನ್ನೊಂದ್ಸಲ ಬಡಿ ಅಂಟಣ್ಣ,” ಎಂದಳು.

ಅಂಟಣ್ಣ ಈ ಕಾರ್ಖಾನೆಯ ಅಂಟಿನ ಯಜಮಾನ. ಅವನ ಬೆರಳುಗಳಿಂದ ಅಂಟು ಪೂರ್ತಿ ಹೋದ ದಿನವನ್ನು ಅವನ ಹೆಂಡತಿಯೂ ಕಂಡಿಲ್ಲವಂತೆ. ಅವನು ಫ್ರೇಮಿಗೆ ಕಿವಿ ಕೊಟ್ಟು, ನಾಣ್ಯದಿಂದ ಮೆಲ್ಲಗೆ ಬಡಿಯುತ್ತ ಬಂದ.

ಟಿಣ್. ಟಿಣ್. ಟಿಣ್. ದಬ್.

ಈ ಫ್ರೇಮಿನಲ್ಲಿ ಉಕ್ಕಿಲ್ಲ, ಬೆಸುಗೆಯಿಲ್ಲ. ಕಾರ್ಬನ್ ನಾರಿನ ಬಟ್ಟೆಯನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ರೆಸಿನ್ ಎನ್ನುವ ಅಂಟು ಕುಡಿಸಿ, ಬಿಸಿ ಮಾಡಿ ಗಟ್ಟಿಯಾಗಿಸಿದ್ದು. ಪದರಗಳು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಂಡಿದ್ದರೆ ನಾಣ್ಯ ತಾಗಿದಾಗ ಗಂಟೆಯ ಹಾಗೆ ಟಿಣ್ ಎನ್ನುತ್ತದೆ. ನಡುವೆ ಎಲ್ಲಾದರೂ ಟೊಳ್ಳು ಉಳಿದಿದ್ದರೆ ದಬ್. ಆ ದಬ್ಬಿಗೆ ಇವರೆಲ್ಲ ಇಟ್ಟ ಹೆಸರು ಕುಂಬಳಕಾಯಿ.

“ಎಲ್ಲಿ?” ಎಂದಳು ಚಕ್ರಿ. ಅವಳ ದನಿ ಇಳಿದಿತ್ತು.

“ಕಂಕುಳಲ್ಲಿ, ಅಮ್ಮಣ್ಣಿ.”

ಸೀಟಿನ ಕೊಳವೆಯೂ ಕೆಳಗೆ ಬಾಗಿ ಬರುವ ದೊಡ್ಡ ಕೊಳವೆಯೂ ಕೂಡುವ ಇಕ್ಕಟ್ಟು ಮೂಲೆಗೆ ಅವರು ಕಂಕುಳು ಎನ್ನುತ್ತಿದ್ದರು. ಸವಾರನ ಭಾರವೆಲ್ಲ ಬಂದು ಕೂರುವುದು ಅಲ್ಲೇ.

“ಶನಿವಾರ ನಾನೇ ಬಡಿದು ನೋಡಿದ್ದೆ ಅತ್ತೆ. ಅಡಿಯಿಂದ ಮುಡಿತನಕ ಗಂಟೆ ಥರ ಇತ್ತು.” ಚಕ್ರಿ ಲೋಟವನ್ನು ಮೇಜಿನ ಮೇಲಿಟ್ಟಳು. “ಸಂಜೆ ನಾಲ್ಕಕ್ಕೆ ನಗರಸಭೆಯವರು ಬರ್ತಾರೆ. ತಗೊಂಡು ಹೋಗಿ ಯಂತ್ರಕ್ಕೆ ಹಾಕಿ ಲಕ್ಷ ಸಲ ತುಳಿಸ್ತಾರೆ. ಕಂಕುಳಲ್ಲಿ ಟೊಳ್ಳಿದ್ರೆ ಅರ್ಧ ದಾರೀಲೇ ಲಟಕ್ ಅನ್ನತ್ತೆ. ಇನ್ನೊಂದು ಮಾಡೋಕೆ ಹತ್ತು ದಿನ ಬೇಕು.”

ಊರಿನ ಬೀದಿ ಬೀದಿಯಲ್ಲಿ ಯಾರು ಬೇಕಾದರೂ ಹತ್ತಿ ಹೋಗಲು ನಗರಸಭೆ ಸೈಕಲ್ ಇಡಲಿತ್ತು. ಅದಕ್ಕೆ ಒಂದೇ ಒಂದು ಫ್ರೇಮನ್ನು ಆರಿಸುತ್ತಾರೆ. ಆ ಒಂದು ತನ್ನದಾಗಬೇಕೆಂದು ಚಕ್ರಿ ಮೂರು ವರ್ಷ ಒದ್ದಾಡಿದ್ದಳು. ಮಂಡಿ ನೋವಿನವರೂ ಕಾಲೆತ್ತದೆ ಹತ್ತಬಹುದಾದಷ್ಟು ತಗ್ಗಿನ ಫ್ರೇಮು ಅದು. ಒಂದು ಕೈಯಲ್ಲಿ ಎತ್ತಿದರೆ ಖಾಲಿ ಕೊಡದಷ್ಟು ಹಗುರ. ಇವತ್ತು ತಪ್ಪಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

“ಬಟ್ಟೆ ಸೈಕಲ್ಲು ಅಂದ್ರೆ ಇಷ್ಟೇ ಕಣಮ್ಮ,” ಎಂದ ಬಾಗಿಲಲ್ಲಿ ನಿಂತಿದ್ದ ಚಕ್ರಿಯ ಅಪ್ಪ. “ಮಳೆ ಬಂದ್ರೆ ಹಿಂಡಿ ಒಣಗಿಸ್ಬೇಕು.”

ಈತ ಪತ್ತೆಯಕ್ಕನ ಒಬ್ಬನೇ ತಮ್ಮ. ಕಾರ್ಖಾನೆಯ ಮುಂಭಾಗದಲ್ಲೇ ಇವನ ಅಂಗಡಿ. ಹುಟ್ಟಿದಾಗಿನಿಂದ ಉಕ್ಕು ಬೆಸೆದು ಸೈಕಲ್ ಕಟ್ಟಿದವನು. ಮಗಳ ಕೆಲಸವನ್ನು ಗೇಲಿ ಮಾಡದೆ ಅವನಿಗೆ ತಿಂದದ್ದು ಅರಗುವುದಿಲ್ಲ. ಆದರೆ ಇವತ್ತಿನ ಗೇಲಿಯಲ್ಲಿ ಉಪ್ಪಿರಲಿಲ್ಲ. ಪತ್ತೆಯಕ್ಕ ಅದನ್ನು ಗಮನಿಸಿ, ಸುಮ್ಮನೆ ಮನಸ್ಸಿನ ಮೂಲೆಯಲ್ಲಿಟ್ಟುಕೊಂಡಳು.

ಅವಳು ಫ್ರೇಮಿನ ಹತ್ತಿರ ಹೋಗಿ ಮೂಸಿದಳು. ರೆಸಿನ್ನಿನ ಅದೇ ಸಿಹಿ ಘಾಟು. ಮೂರು ದಿನದಿಂದ ಈ ವಾಸನೆ ಅವಳನ್ನು ಮನೆಯ ತನಕ ಹಿಂಬಾಲಿಸುತ್ತಿತ್ತು. ದಿಂಬಿಗೆ ತಲೆಯಿಟ್ಟರೂ ಅದೇ. ಸೀರೆಗೆ ಅಂಟಿಕೊಂಡಿರಬೇಕೆಂದು ಎರಡು ಸಲ ಒಗೆದೂ ಆಗಿತ್ತು. ಮೇಲಿನ ಕೊಳವೆಯನ್ನು ಮುಟ್ಟಲು ಕೈ ಚಾಚಿದಳು.

“ಮುಟ್ಟಬೇಡಿ ಅಕ್ಕಾ!” ಅಂಟಣ್ಣ ಅಡ್ಡ ಬಂದ. “ಹೊರಗಿನ ಪದರ ಗಾಜಿನ ನಾರು. ಇನ್ನೂ ಉಜ್ಜಿ ನಯ ಮಾಡಿಲ್ಲ. ಕಣ್ಣಿಗೆ ಕಾಣದ ಮುಳ್ಳು. ಅಂಗಿ ದಾಟಿ ಚರ್ಮಕ್ಕೆ ಹೋಗತ್ತೆ. ಆಮೇಲೆ ವಾರಗಟ್ಟಲೆ ತುರಿಸ್ಕೊಳ್ತಾ ಕೂತಿರ್ಬೇಕು.”

ಹೀಗೆ ಹೇಳುತ್ತಲೇ ಅವನು ಮೊಣಕೈ ತುರಿಸಿಕೊಂಡ, ಆಮೇಲೆ ಕತ್ತು, ಆಮೇಲೆ ಕಿವಿಯ ಹಿಂಬದಿ. ಅದು ಅವನ ನಿತ್ಯದ ಕಸುಬು.

ಪತ್ತೆಯಕ್ಕನ ಕಣ್ಣು ಅರಳಿತು. “ಚಕ್ರ ಇಲ್ಲದ ಫ್ರೇಮನ್ನ ಹೊತ್ಕೊಂಡು ಹೋಗ್ಬೇಕು ಅಂದ್ರೆ ಹೇಗೆ ಹೊರ್ತಾರೆ?”

“ಇನ್ನು ಹೇಗೆ? ಹೀಗೆ ತೋಳು ತೂರಿಸಿ, ಹೆಗಲ ಮೇಲೆ.”

“ಹೆಗಲ ಮೇಲೆ!” ಎಂದು ಪತ್ತೆಯಕ್ಕ ಚಪ್ಪಾಳೆ ತಟ್ಟಿಯೇ ಬಿಟ್ಟಳು. “ಚಕ್ರೀ, ನಿಮ್ಮಮ್ಮನ್ನ ಕರಿ. ಎಲ್ಲರೂ ಇಲ್ಲಿ ಬಂದು ನಿಂತ್ಕೊಳ್ಳಿ.”

ಚಕ್ರಿಯ ಅಮ್ಮ ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮಂಡಿ ಅವಳನ್ನು ಕಾಡಲು ಶುರುವಾಗಿ ಬಹಳ ದಿನವಾಗಿತ್ತು. ಬಂದವಳು ಅತ್ತಿಗೆಯ ಮುಖ ನೋಡಿ, ಗಂಡನ ಮುಖ ನೋಡಿ, ನೆಲ ನೋಡುತ್ತ ನಿಂತಳು. ಅವಳ ತುಟಿಯ ತುದಿ ಯಾಕೋ ಕುಣಿಯುತ್ತಿತ್ತು.

ಪತ್ತೆಯಕ್ಕ ಫ್ರೇಮಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡಳು.

“ನೋಡಿ, ಈ ಕಾರ್ಖಾನೇಲಿ ಕುಂಬಳಕಾಯಿ ಹುಟ್ಟಿದೆ. ಅಂದ್ಮೇಲೆ ಕುಂಬಳಕಾಯಿ ಕಳ್ಳನೂ ಇರಲೇಬೇಕು. ನಿಮ್ಮಲ್ಲೇ ಇದಾನೆ. ಅವನ ಹೆಗಲ ಮೇಲೆ ಈಗಲೂ ಗುರುತಿದೆ. ಇಲ್ಲಿಂದಲೇ ಕಾಣ್ತಿದೆ ನನಗೆ.”

ಅಂಟಣ್ಣ ಎರಡೂ ಕೈಯಿಂದ ಮೈಯೆಲ್ಲ ತುರಿಸಿಕೊಂಡ. ಅವನನ್ನು ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ. ಚಕ್ರಿ ಕೈಕಟ್ಟಿ ನಿಂತೇ ಇದ್ದಳು.

ತಮ್ಮನ ಎಡಗೈ ಮಾತ್ರ, ಯಜಮಾನನ ಅಪ್ಪಣೆ ಕೇಳದ ನಾಯಿಮರಿಯ ಹಾಗೆ, ಮೆಲ್ಲನೆ ಎದ್ದು ಬಲ ಹೆಗಲಿನ ಮೇಲೆ ಹೋಗಿ ಕೂತಿತು.

ಚಕ್ರಿಯ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಗು ಸೆರಗಿಗೆ ನಿಲ್ಲಲಿಲ್ಲ.

“ಸಿಕ್ಕಿಬಿದ್ರಲ್ಲ! ನಾನು ಅವತ್ತೇ ಹೇಳಿದ್ದೆ, ನಿಮ್ಮಕ್ಕನ ಹತ್ರ ಇದೆಲ್ಲ ನಡೆಯಲ್ಲ ಅಂತ!”

“ಅಪ್ಪಾ?” ಎಂದಳು ಚಕ್ರಿ. “ನೀನಾ?”

“ಒಂದೇ ಒಂದು ಸುತ್ತು ಅಂತ ತಗೊಂಡೆ ಕಣಮ್ಮ.” ಅವನ ಮುಖ ಕೆಂಪಾಗಿತ್ತು. “ಶನಿವಾರ ನೀನು ಬೀಗ ಹಾಕಿ ಹೋದ್ಯಲ್ಲ, ಹಿಂಬಾಗಿಲ ಚಿಲಕ ಸೈಕಲ್ ಕಡ್ಡಿಯಿಂದ ತೆಗೆದೆ. ಅದೇನು ಚಿಲಕವೋ, ಮೊದಲು ಅದನ್ನ ಬದಲಾಯಿಸು. ಅಂಗಡಿಯಿಂದ ಚಕ್ರ, ಹ್ಯಾಂಡಲ್ಲು, ಸೀಟು ಹಾಕಿದೆ. ನಿಮ್ಮಮ್ಮನ್ನ ಕಾಲುವೆ ದಂಡೆಗೆ ಕರ್ಕೊಂಡು ಹೋದೆ.”

“ಅಮ್ಮ ಸೈಕಲ್ ಹತ್ತಿದ್ಲಾ?”

“ಕಾಲೇ ಎತ್ತಬೇಕಾಗಿಲ್ಲ ಪುಟ್ಟಿ!” ಎಂದಳು ಅಮ್ಮ. ನಗುವಿನ ನಡುವೆಯೇ ಅವಳ ಕಣ್ಣು ತುಂಬಿತ್ತು. “ಸುಮ್ನೆ ಒಳಗೆ ಕಾಲಿಟ್ಟು ಕೂತ್ಕೊಂಡೆ. ಎರಡು ತುಳಿತ, ಅಷ್ಟೇ. ಇವರು ಹಿಂದೆ ‘ಬ್ರೇಕು, ಬ್ರೇಕು’ ಅಂತ ಓಡಿ ಬರ್ತಿದ್ರು. ನಾನು ನಿಲ್ಲಿಸಲೇ ಇಲ್ಲ. ಮದುವೆಗೆ ಮುಂಚೆ ಹೀಗೆ ಓಡಿಸ್ತಿದ್ದೆ.”

ಬೈಯಲೆಂದು ಚಕ್ರಿ ಬಾಯಿ ತೆರೆದಿದ್ದಳು. ಬಂದದ್ದು ಬೈಗುಳವಲ್ಲ. “ಹೇಗಿತ್ತಮ್ಮ? ಕುಲುಕ್ತಾ? ತಿರುವಿನಲ್ಲಿ?” ಎಂದು ಅಮ್ಮನ ಎರಡೂ ಕೈ ಹಿಡಿದುಕೊಂಡಳು.

“ಬೆಣ್ಣೆ.”

“ಅಪ್ಪ ಏನಂದ?”

ಅಪ್ಪ ಸೂರು ನೋಡಿದ. “ಪರವಾಗಿಲ್ಲ ಅಂದೆ,” ಎಂದ. ಅವನ ಬಾಯಿಂದ ಇಂಥ ಮಾತು ಬರುವುದು ಉಕ್ಕಿನಿಂದ ಎಣ್ಣೆ ಬಂದ ಹಾಗೆ ಎಂದು ಎಲ್ಲರಿಗೂ ಗೊತ್ತಿತ್ತು. ಚಕ್ರಿ ಮೂಗೊರೆಸಿಕೊಂಡಳು.

ಪತ್ತೆಯಕ್ಕ ಮಾತ್ರ ಕರಗಲಿಲ್ಲ. ಅಥವಾ ಕರಗಿದ್ದನ್ನು ತೋರಿಸಲಿಲ್ಲ. “ಸರಿ ಕಣೋ. ಕದ್ದದ್ದು ಒಂದು ಮಾತು. ಮುರಿದು ತಂದು ತೂಗುಹಾಕಿದ್ಯಲ್ಲ?”

“ಅಯ್ಯೋ, ನಾನು ತೂಗುಹಾಕೇ ಇಲ್ಲ ಅಕ್ಕ.”

“ಅಂದ್ರೆ?”

“ಭಾನುವಾರ ಇಡೋಣ ಅಂದ್ರೆ ಇವಳು ಇನ್ನೊಂದು ಸುತ್ತು ಅಂದ್ಲು. ಅಷ್ಟರಲ್ಲಿ ಮಗಳು ಅಳ್ತಾ ಕೂತ್ಲು, ನೀನು ಬಂದೆ, ಹೇಳೋ ಧೈರ್ಯ ಬರಲಿಲ್ಲ. ನಿನ್ನೆ ನೀವೆಲ್ಲ ಹೋದ ಮೇಲೆ ಚಕ್ರ ಬಿಚ್ಚಿ, ಹೆಗಲ ಮೇಲೆ ಹೊತ್ಕೊಂಡು ಬಂದೆ. ನೋಡ್ತೀನಿ, ಕೊಕ್ಕೇಲಿ ಆಗಲೇ ಒಂದು ಫ್ರೇಮು ತೂಗಾಡ್ತಿದೆ! ಮಗಳು ಇನ್ನೊಂದನ್ನ ಎಲ್ಲೋ ಮುಚ್ಚಿಟ್ಟಿದ್ಲು ಅನ್ಕೊಂಡೆ. ಬದುಕಿದೆಯಾ ಬಡಜೀವವೇ ಅಂತ ನನ್ನದನ್ನ ವಾಪಸ್ ತಗೊಂಡು ಹೋದೆ.”

“ಎಲ್ಲಿಗೆ?”

“ಅಡುಗೆಮನೆ ಅಟ್ಟಕ್ಕೆ.”

ಚಕ್ರಿ ಮೆಟ್ಟಿಲನ್ನು ಎರಡೆರಡಾಗಿ ಹಾರಿದಳು. ಮೇಲೆ ಪಾತ್ರೆಗಳು ಉರುಳಿದ ಸದ್ದಾಯಿತು. ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿದ ಫ್ರೇಮನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಇಳಿದಳು. ಮೇಜಿನ ಮೇಲೆ ಎರಡು ಫ್ರೇಮುಗಳು ಅಕ್ಕಪಕ್ಕ ಮಲಗಿದವು. ಅವಳಿ ಮಕ್ಕಳೂ ಅಷ್ಟು ಹೋಲುವುದಿಲ್ಲ.

ಅಂಟಣ್ಣ ನಾಣ್ಯವನ್ನು ಅಂಗಿಗೆ ಒರೆಸಿಕೊಂಡು ಬಾಗಿದ.

ಟಿಣ್. ಟಿಣ್. ಟಿಣ್. ಕಂಕುಳಿಗೆ ಬಂದಾಗ ಅವನು ನಾಣ್ಯವನ್ನು ಇನ್ನೊಮ್ಮೆ ಒರೆಸಿಕೊಂಡ.

ಟಿಣ್.

“ಗಂಟೆ!” ಎಂದು ಅಂಟಣ್ಣ ಕುಣಿದ. ಚಕ್ರಿ ಅಪ್ಪನ ಕೊರಳಿಗೆ ಜೋತುಬಿದ್ದಳು. ಅವನು “ಹೆಗಲು, ಹೆಗಲು!” ಎಂದು ಕಿರುಚಿದ. ಅದು ಯಾರ ಕಿವಿಗೂ ಬೀಳಲಿಲ್ಲ. ಅಮ್ಮ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ತರುತ್ತೇನೆಂದು ಎದ್ದವಳು ಮಂಡಿಯನ್ನು ಮರೆತೇ ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ನಿಂತು, “ನೋಡಿ ಅತ್ತಿಗೆ, ಮೂರು ದಿನ ಬೀದಿ ಬೀದಿ ಸುತ್ತಿದ್ರಿ, ಮಾಲು ನಿಮ್ಮ ತಲೆ ಮೇಲೇ ಇತ್ತು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ!” ಎಂದು ಹಾಸ್ಯ ಮಾಡಿದಳು.

ಪತ್ತೆಯಕ್ಕ ಮನಸಾರೆ ನಕ್ಕಳು. ಅಷ್ಟು ಖುಷಿ ಅವಳಿಗೆ ಯಾವ ಪತ್ತೆಯಲ್ಲೂ ಆಗಿರಲಿಲ್ಲ. ಆದರೆ ಅವಳ ಕೈ ಮಾತ್ರ ಮೊದಲನೆಯ ಫ್ರೇಮಿನ ಕಂಕುಳಿನ ಮೇಲೇ ಇತ್ತು.

“ಹಾಗಾದ್ರೆ ಇದು ಯಾರ ಕೂಸು?”

ಚಕ್ರಿ ದೀಪ ಹಿಡಿದು ಕೊಳವೆಯೊಳಗೆ ಇಣುಕಿದಳು. ಬಹಳ ಹೊತ್ತು ಇಣುಕಿದಳು. ತಲೆಯೆತ್ತಿದಾಗ ಅವಳ ಹುಬ್ಬು ಗಂಟಿಕ್ಕಿತ್ತು.

“ಅತ್ತೆ, ಇದರಲ್ಲಿ ಕಂಕುಳಿಗೆ ಬಟ್ಟೇನ ಇಡಿಯಾಗಿ ಮಡಿಸಿ ಕೂರಿಸಿದಾರೆ. ಇಕ್ಕಟ್ಟು ಮೂಲೆಗೆ ಹಾಗೆ ಕೂರಿಸಿದ್ರೆ ಬಟ್ಟೆ ಎಳೆದು ನಿಲ್ಲತ್ತೆ, ಕೆಳಗೆ ಟೊಳ್ಳು ಉಳಿಯತ್ತೆ. ಹೊಲಿಯೋವಾಗ ಕಂಕುಳ ಹತ್ರ ಕತ್ತರಿಸಿ ಜೋಡಿಸದೆ ಹೋದ್ರೆ ರವಿಕೆ ಎಳೆಯಲ್ವಾ, ಹಾಗೆ. ಮೊದಮೊದಲು ನಾನೂ ಇದೇ ತಪ್ಪು ಮಾಡಿದ್ದೆ. ಮುರೀತು. ಆಮೇಲೆ ಕತ್ತರಿಸಿ ಜೋಡಿಸೋಕೆ ಶುರು ಮಾಡಿದ್ವಿ.”

“ನಿನ್ನ ಹಳೇ ತಪ್ಪನ್ನ ಬೇರೆ ಯಾರೋ ಚಾಚೂ ತಪ್ಪದೆ ಮಾಡಿದಾರೆ ಅಂದ ಹಾಗಾಯ್ತು.”

“ಹಳೇ ನಕ್ಷೇಲಿ ಹಾಗೇ ಇತ್ತು.”

“ಆ ನಕ್ಷೆ ಯಾರ ಹತ್ರ ಇದೆ?”

“ನಮ್ಮದನ್ನ ಹರಿದು ಹಾಕಿದ್ವಿ. ಮೊದಲ ಅರ್ಜಿ ಜೊತೆ ಒಂದು ಪ್ರತಿ ನಗರಸಭೆಗೆ ಕೊಟ್ಟಿದ್ವಿ. ಅಷ್ಟೇ.”

ಪತ್ತೆಯಕ್ಕ ಸ್ಟೂಲಿನ ಮೇಲೆ ಕುಳಿತಳು. ಯೋಚಿಸುವಾಗ ಅವಳಿಗೆ ಕಾಲು ತೂಗಾಡಿಸುವ ಅಭ್ಯಾಸ.

“ಕೇಳಿ. ಇದನ್ನ ತಂದವರು ಸುಮ್ನೆ ತೂಗುಹಾಕಿ ಹೋಗೋಕೆ ಬಂದಿರಲಿಲ್ಲ. ಅಸಲಿ ತಗೊಂಡು ನಕಲಿ ಇಟ್ಟು ಹೋಗೋಕೆ ಬಂದ್ರು. ಬಂದು ನೋಡಿದ್ರೆ ಕೊಕ್ಕೆ ಖಾಲಿ. ಯಾಕೆ ಅಂತ ಅವರಿಗೂ ಅರ್ಥ ಆಗಿರಲ್ಲ. ಕೈಲಿದ್ದದ್ದನ್ನ ಹಾಕಿ ಕಾಲ್ಕಿತ್ರು. ಅಸಲಿ ಕೊಕ್ಕೇಲೇ ಇದ್ದಿದ್ರೆ ಇವತ್ತು ಅದು ಹೋಗಿರ್ತಿತ್ತು, ನಾವು ನಗ್ತಾ ನಗ್ತಾ ಈ ಕುಂಬಳಕಾಯೀನ ವ್ಯಾನಿಗೆ ಹತ್ತಿಸ್ತಿದ್ವಿ. ಇದು ಮುರಿದ್ರೆ ಅಸಲೀನ ಇನ್ಯಾರೋ ತಮ್ಮದು ಅಂತ ಮಾರ್ಕೊಳ್ತಿದ್ರು.” ಅವಳು ತಮ್ಮನ ಕಡೆ ನೋಡಿದಳು. “ನೀನು ಕದ್ದದ್ದರಿಂದ ಉಳೀತು ಕಣೋ.”

ತಮ್ಮನ ಎದೆ ಒಂದು ಗೇಣು ಹಿಗ್ಗಿತು. “ನಾನು ಅದಕ್ಕೇ ತಗೊಂಡಿದ್ದು,” ಎಂದ ಸಂಕೋಚವಿಲ್ಲದೆ.

“ಇನ್ನೊಂದು ಮಾತು. ಫ್ರೇಮು ಕಾಣೆಯಾದದ್ದು ನಮ್ಮ ಐದು ಜನಕ್ಕೆ ಮಾತ್ರ ಗೊತ್ತು. ಈ ನಕಲಿ ತಂದವರಿಗೆ ಗೊತ್ತಿರಲಿಲ್ಲ. ಅಂದ್ರೆ ನಮ್ಮ ಗುಟ್ಟು ತಲುಪದವರು. ಹಳೇ ನಕ್ಷೆ ಕೈಗೆ ಸಿಗೋವಂಥವರು.”

“ನಗರಸಭೆ,” ಎಂದಳು ಚಕ್ರಿ.

ಮಾಲು ಸಿಕ್ಕಿತ್ತು, ನಿಯಮ ಮುಗಿದಿತ್ತು. ಪತ್ತೆಯಕ್ಕ ಗಂಡನಿಗೆ ಫೋನು ಹಚ್ಚಿದಳು. ಅವರು ಕೆಲಸಕ್ಕಿದ್ದದ್ದು ನಗರಸಭೆಯಲ್ಲೇ, ನೀರು ಸರಬರಾಜಿನ ವಿಭಾಗದಲ್ಲಿ. ಸಾಧು ಮನುಷ್ಯ. ಭಾನುವಾರ ಗೆಳೆಯರ ಮನೆಯಲ್ಲಿ ಚದುರಂಗ ಆಡುವುದು ಬಿಟ್ಟರೆ ಬೇರೆ ಚಟವಿರಲಿಲ್ಲ.

“ಏನ್ರೀ, ನಿಮ್ಮ ಕಚೇರೀಲಿ ಈ ಸೈಕಲ್ ನಕ್ಷೆಗಳೆಲ್ಲ ಯಾರ ಹತ್ರ ಇರ್ತವೆ?”

ಆ ಕಡೆ ಕುರ್ಚಿ ಸರಿದ ಸದ್ದಾಯಿತು. “ನನಗೇನು ಗೊತ್ತೇ? ನಾನಾಯ್ತು, ನನ್ನ ನಲ್ಲಿಗಳಾಯ್ತು. ಯಾಕೆ?”

“ಬಂದ್ಮೇಲೆ ಹೇಳ್ತೀನಿ. ಸಂಜೆ ಇಲ್ಲಿಗೇ ಬನ್ನಿ, ಹುಡುಗಿ ಫ್ರೇಮು ಕಳಿಸೋ ಹೊತ್ತಿಗೆ ಮಾವ ಇರಬೇಡ್ವಾ?”

ನಾಲ್ಕಕ್ಕೆ ಸರಿಯಾಗಿ ವ್ಯಾನು ಬಂತು. ಇಳಿದವರು ನಗರಸಭೆಯ ಎಂಜಿನಿಯರಮ್ಮ. ಗಂಭೀರ ಮುಖ, ಇಸ್ತ್ರಿ ಮಾಡಿದ ಅಂಗಿ. “ಇದೇ ಮೊದಲ ಸಲ ಈ ಕಡೆ ಬರ್ತಿರೋದು. ಗಲ್ಲಿ ಹುಡುಕೋದೇ ಕಷ್ಟ ಆಯ್ತು,” ಎಂದರು. ಪತ್ತೆಯಕ್ಕ ಅವರ ಹೆಗಲನ್ನೇ ದಿಟ್ಟಿಸುತ್ತಿದ್ದಳು.

“ನಮ್ಮಲ್ಲೊಂದು ಗಾದೆ ಇದೆ ಮೇಡಂ. ಕುಂಬಳಕಾಯಿ ಕಳ್ಳ ಅಂದ್ರೆ…”

“ಹೆಗಲು ಮುಟ್ಟಿ ನೋಡ್ಕೊಂಡ ಅಂತ. ನಮ್ಮಜ್ಜಿ ದಿನಾ ಹೇಳ್ತಿದ್ರು!” ಎಂಜಿನಿಯರಮ್ಮ ಜೋರಾಗಿ ನಕ್ಕುಬಿಟ್ಟರು. ಅವರ ಕೈಗಳು ಎಲ್ಲಿದ್ದವೋ ಅಲ್ಲೇ ಇದ್ದವು. ನಗುತ್ತಲೇ ಅಸಲಿ ಫ್ರೇಮನ್ನು ಎತ್ತಿ ನೋಡಿ, “ಅಬ್ಬಾ, ಎಷ್ಟು ಹಗುರ! ನಮ್ಮಮ್ಮನೂ ಹತ್ತಬಹುದು ಇದನ್ನ,” ಎಂದರು. ಆ ಮಾತಿಗೆ ಚಕ್ರಿಯ ಮುಖ ಅರಳಿದ ಪರಿಯನ್ನು ನೋಡಿ ಪತ್ತೆಯಕ್ಕನಿಗೆ ತನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು.

ಫ್ರೇಮು ವ್ಯಾನಿನೊಳಗೆ ಹೋಯಿತು. ಬಾಗಿಲು ಮುಚ್ಚಿತು. ಇನ್ನು ಅದಕ್ಕೆ ಯಾವ ಕಳ್ಳನ ಭಯವೂ ಇರಲಿಲ್ಲ. ಅಂಟಣ್ಣ ವ್ಯಾನಿಗೇ ಕೈಮುಗಿದ.

“ಮೇಡಂ, ಒಂದು ಮಾತು,” ಎಂದಳು ಪತ್ತೆಯಕ್ಕ. “ನಮ್ಮ ಹುಡುಗಿ ಕೊಟ್ಟಿದ್ದ ಹಳೇ ನಕ್ಷೆ ನಿಮ್ಮ ಹತ್ರ ಇದೆಯಾ?”

“ಇಲ್ಲಮ್ಮ, ಅದು ನನ್ನ ಮೇಜಿಗೆ ಬರಲೇ ಇಲ್ಲ. ನಕ್ಷೆ ಕೋಣೆಯಲ್ಲಿರತ್ತೆ. ಆರು ತಿಂಗಳಿಂದ ಅಲ್ಲಿ ಬೇರೆಯವರು ಬಂದಿದಾರೆ. ತಾವಾಗಿಯೇ ಕೇಳ್ಕೊಂಡು ನೀರಿನ ವಿಭಾಗ ಬಿಟ್ಟು ನಕ್ಷೆ ಕೋಣೆಗೆ ಬಂದ್ರು, ಪಾಪ, ಒಳ್ಳೆಯವರು.” ಎಂಜಿನಿಯರಮ್ಮ ಗೇಟಿನ ಕಡೆ ತಿರುಗಿ ಮುಗುಳ್ನಕ್ಕರು. “ಅರೆ, ಅವರೇ ಬರ್ತಿದಾರಲ್ಲ!”

ಗೇಟಿನಲ್ಲಿ ಪತ್ತೆಯಕ್ಕನ ಗಂಡ ನಿಂತಿದ್ದರು. ಕೈಯಲ್ಲಿ ಹೂವಿನ ಗೊಂಚಲು, ಮುಖದ ತುಂಬ ನಗು.

ಪತ್ತೆಯಕ್ಕ ತಮ್ಮನನ್ನು ತಡೆಯಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಸಂಭ್ರಮದಿಂದ ಕೂಗಿ ಆಗಿತ್ತು.

“ಬನ್ನಿ ಭಾವ, ಬನ್ನಿ! ಇವತ್ತು ನಮ್ಮನೇಲಿ ಕುಂಬಳಕಾಯಿ ಕಳ್ಳ ಸಿಕ್ಕಿಬಿದ್ದ!”

ಭಾವ ನಕ್ಕರು. ನಗುತ್ತಿದ್ದ ಹಾಗೆಯೇ ಅವರ ಬಲಗೈ ಮೆಲ್ಲಗೆ ಮೇಲೆದ್ದು ಎಡ ಹೆಗಲನ್ನು ಮುಟ್ಟಿತು. ಬೆಳಿಗ್ಗೆ ಪತ್ತೆಯಕ್ಕ ಅರ್ಧ ಮುಲಾಮು ಹಚ್ಚಿ ಬಿಟ್ಟುಬಂದ ಹೆಗಲು ಅದೇ.